ಮೆಟ್ಟಿಲ ಕೆಳಗಿನ ರೂಮು

ಅಲ್ಲಾಳಸಂದ್ರದ ಸೈಟಿನಲ್ಲಿ ಮನೆ ಕಟ್ಟಿಸುವುದೆಂದು ತೀರ್ಮಾನವಾದ ಮೇಲೆ ಶೇಷಗಿರಿಯವರ ಮನೆಯಲ್ಲಿ ಊಟದ ಹೊತ್ತಿಗೆ ಬೇರೆ ಮಾತೇ ಇಲ್ಲವಾಯಿತು. ಕಾರ್ಖಾನೆಯೊಂದರ ಸ್ಟೋರ್ಸ್ ವಿಭಾಗದಲ್ಲಿ ದುಡಿದು ನಿವೃತ್ತರಾಗಿದ್ದ ಅವರು, ಯಲಹಂಕದ ಹಳೇಪೇಟೆಯ ಬಾಡಿಗೆ ಮನೆಯ ನಡುಮನೆಯಲ್ಲಿ ಕೂತು ಹುಳಿಯನ್ನ ಕಲೆಸುತ್ತಲೇ ಎಡಗೈ ಬೆರಳಿನಿಂದ ನೆಲದ ಮೇಲೆ ಗೆರೆ ಎಳೆಯುವರು. ಇಲ್ಲಿ ಹಾಲ್, ಇಲ್ಲಿ ದೇವರ ಕೋಣೆ, ಹಿಂದುಗಡೆ ಬಾಡಿಗೆಗೆ ಒಂದು ಪೋರ್ಷನ್ನು.

"ಮೊದಲು ಅನ್ನ ತಿನ್ನಿ. ಮನೆ ಎಲ್ಲಿಗೂ ಓಡಿಹೋಗಲ್ಲ" ಎಂದು ಹೆಂಡತಿ ವೇದವತಿ ಹೇಳುವರು.

ಪ್ಲಾನು ಬರೆದವಳು ಸೊಸೆ ಕೌಸಲ್ಯಾ. ಡ್ರಾಫ್ಟ್ಸ್‌ಮನ್ ಕೋರ್ಸು ಮುಗಿಸಿದ್ದ ಅವಳು ಆರ್.ಟಿ. ನಗರದಲ್ಲಿ ಬದರೀನಾಥ ಎಂಬ ಇಂಜಿನಿಯರರ ಆಫೀಸಿನಲ್ಲಿ ಕೆಲಸಕ್ಕಿದ್ದಳು. ಗಂಡ ಜಯಸಿಂಹನಿಗೆ ಯಶವಂತಪುರದಲ್ಲಿ ವಿಮಾ ಕಚೇರಿಯ ಗುಮಾಸ್ತಿಕೆ. ಇಬ್ಬರೂ ಬೆಳಿಗ್ಗೆ ಡಬ್ಬಿ ಹಿಡಿದು ಬಸ್ ಸ್ಟ್ಯಾಂಡಿಗೆ ಓಡಿದರೆ, ನಾಲ್ಕು ವರ್ಷದ ಮಗಳು ನಳಿನಿಗೆ ಸ್ನಾನ ಮಾಡಿಸಿ, ತಿನ್ನಿಸಿ, ಮಲಗಿಸುವವರು ಪುಟ್ಟಲಕ್ಷ್ಮಿ. ಶೇಷಗಿರಿಯವರ ಅಕ್ಕ. ಚಿಕ್ಕ ವಯಸ್ಸಿನಲ್ಲೇ ಗಂಡನನ್ನು ಕಳೆದುಕೊಂಡು ತಮ್ಮನ ಮನೆಗೆ ಬಂದವರು, ಜಯಸಿಂಹನನ್ನು ಎತ್ತಿ ಆಡಿಸಿ, ಈಗ ಅವನ ಮಗಳನ್ನು ಎತ್ತಿಕೊಂಡಿದ್ದರು. ವೇದವತಿಗೆ ಉಬ್ಬಸ. ಒಗ್ಗರಣೆಯ ಹೊಗೆ ಕಂಡರೆ ಆಗದು. ಹಾಗಾಗಿ ಒಲೆಯೂ ಪುಟ್ಟಲಕ್ಷ್ಮಿಯವರದೇ. ರಾತ್ರಿ ಎಲ್ಲರ ಹಾಸಿಗೆ ಬಿದ್ದ ಮೇಲೆ ಅವರು ನಡುಮನೆಯ ಗೋಡೆಯ ಪಕ್ಕ ಚಾಪೆ ಹಾಸಿಕೊಳ್ಳುತ್ತಿದ್ದರು.

"ಇಷ್ಟು ವರ್ಷ ಅಕ್ಕ ನಡುಮನೇಲೇ ಕಳೆದಳು. ಈ ಸಲ ಅವಳಿಗೂ ಒಂದು ರೂಮು" ಎಂದು ಶೇಷಗಿರಿಯವರು ಮೊದಲ ದಿನವೇ ಹೇಳಿದ್ದರು. ಮನಸಾರೆಯೇ ಹೇಳಿದ್ದರು.

ಆ ರೂಮು ಮೊದಲ ಪ್ಲಾನಿನಲ್ಲಿ ಅಡುಗೆಮನೆಯ ಪಕ್ಕ ಪೂರ್ವಕ್ಕಿತ್ತು. ಬಾಡಿಗೆ ಪೋರ್ಷನ್ನಿಗೆ ಬಚ್ಚಲು ಸಾಲದೆ ಬಂದಾಗ ಅದು ಪಡುವಲಿಗೆ ಸರಿಯಿತು. ಜಯಸಿಂಹ ಮುಂದೆ ಕೊಳ್ಳಲಿರುವ ಸ್ಕೂಟರಿಗೆ ಜಾಗ ಬೇಕೆಂದಾಗ ಒಳಕ್ಕೆ ಬಂತು. ಮಹಡಿಯ ಮೇಲೆ ಕೌಸಲ್ಯಾಳ ಡ್ರಾಯಿಂಗ್ ಬೋರ್ಡಿಗೆ ಒಂದು ಪುಟ್ಟ ರೂಮು ಆಗಲಿ ಎಂದು ಮಾವನೇ ಹೇಳಿದಾಗ, ಅದಕ್ಕೆ ತಕ್ಕಂತೆ ಮೆಟ್ಟಿಲು ಹಾಲಿನೊಳಗೆ ತಿರುಗಬೇಕಾಯಿತು. ಕೊನೆಗೆ ಪುಟ್ಟಲಕ್ಷ್ಮಿಯವರ ರೂಮು ಬಂದು ನಿಂತದ್ದು ಮೆಟ್ಟಿಲ ಕೆಳಗೆ. ಕಾಗದದ ಮೇಲೆ ಅದೂ ಒಂದು ಚೌಕವೇ. ಮಂಜೂರಾತಿಗೆ ಹೋದ ಪ್ರತಿಯಲ್ಲಿ ಕೌಸಲ್ಯಾ ಅದರೊಳಗೆ 'ಸ್ಟೋರ್' ಎಂದು ಬರೆದಳು. ಹಾಗೆ ಬರೆಯದಿದ್ದರೆ ಪ್ಲಾನು ಪಾಸಾಗುತ್ತಿರಲಿಲ್ಲ. ಮನೆಯಲ್ಲಿ ಮಾತ್ರ ಎಲ್ಲರೂ ಅದನ್ನು ಅಕ್ಕನ ರೂಮು ಎನ್ನುತ್ತಿದ್ದರು.

ಆ ವರ್ಷವೇ ಬದರೀನಾಥರು ಆಫೀಸಿಗೆ ಕಂಪ್ಯೂಟರ್ ತರಿಸಿದರು. ಒಂದು ಕೋಣೆಗೆ ಗಾಜಿನ ಬಾಗಿಲು ಹಾಕಿಸಿ, ಏಸಿ ಕೂರಿಸಿ, ಚಪ್ಪಲಿ ಹೊರಗೆ ಬಿಡಬೇಕೆಂದು ಬೋರ್ಡು ತೂಗುಹಾಕಿದರು. ಹಿರಿಯ ಡ್ರಾಫ್ಟ್ಸ್‌ಮನ್ ವೆಂಕಟೇಶಪ್ಪ ಒಂದು ದಿನ ಒಳಗೆ ಕೂತು, "ನನಗೆ ಪೆನ್ಸಿಲ್ಲೇ ಸಾಕಮ್ಮ, ಇದು ನಿನ್ನಂಥೋರಿಗೆ" ಎಂದು ಎದ್ದುಬಂದರು. ಕೌಸಲ್ಯಾ ಕಲಿತಳು. ಮೊದಮೊದಲು ಯಂತ್ರ ಮಾಡುತ್ತಿದ್ದದ್ದು ಬೋರ್ಡಿನ ಮೇಲೆ ಮಾಡುವುದನ್ನೇ. ಆಮೇಲೆ ಬದರೀನಾಥರು ಅದರ ಹೊಸ ಪ್ರೋಗ್ರಾಮು ತರಿಸಿದರು. ಅದರಲ್ಲಿ ಪ್ರತಿ ಗೋಡೆಗೂ ಎತ್ತರ ಇಷ್ಟು ಎಂದು ತಿಳಿಸಿದರೆ, ಮಲಗಿದ್ದ ಪ್ಲಾನು ತೆರೆಯ ಮೇಲೆ ಎದ್ದು ನಿಲ್ಲುತ್ತಿತ್ತು. ಯಾವ ಕಡೆಯಿಂದ ಬೇಕಾದರೂ ತಿರುಗಿಸಿ ನೋಡಬಹುದಿತ್ತು.

"ಕ್ಲೈಂಟುಗಳಿಗೆ ಪ್ಲಾನ್ ಅರ್ಥ ಆಗಲ್ಲಮ್ಮ" ಎಂದರು ಬದರೀನಾಥರು. "ಸುಮ್ನೆ ತಲೆ ಆಡಿಸ್ತಾರೆ. ಗೋಡೆ ಎದ್ದ ಮೇಲೆ ಜಗಳಕ್ಕೆ ಬರ್ತಾರೆ. ಇದರಲ್ಲಿ ಮೊದಲೇ ತೋರಿಸಿಬಿಟ್ರೆ ಜಗಳವೇ ಇರಲ್ಲ. ಯಾವುದಾದ್ರೂ ಒಂದು ಮನೆ ಪೂರ್ತಿ ಎಬ್ಬಿಸಿ ನೋಡೋಣ."

"ಯಾರ ಮನೆ ಸಾರ್?"

"ನಿಮ್ಮದೇ ಮಾಡಿ. ತಪ್ಪಾದ್ರೆ ಬಯ್ಯೋರಿರಲ್ಲ."

ಹೀಗೆ ಆಫೀಸಿನ ಕೆಲಸ ಮುಗಿದ ಮೇಲೆ ಕೌಸಲ್ಯಾ ತಮ್ಮ ಮನೆಯನ್ನು ಎಬ್ಬಿಸತೊಡಗಿದಳು. ಹಸಿರು ಗೆರೆಗಳಲ್ಲಿ ಅದು ಬಿದಿರಕಡ್ಡಿಯ ಹಕ್ಕಿಗೂಡಿನಂತೆ ಕಾಣುತ್ತಿತ್ತು. ಮುಂದಿನ ಗೋಡೆ, ಹಿಂದಿನ ಗೋಡೆ, ಕಿಟಕಿ, ಮೆಟ್ಟಿಲು, ಎಲ್ಲ ಒಂದರೊಳಗೊಂದು. ಹಿಂದಿನ ಗೆರೆಗಳನ್ನು ಮರೆಮಾಡು ಎಂದರೆ ಯಂತ್ರ ಯೋಚನೆಗೆ ಬೀಳುತ್ತಿತ್ತು. ಅವಳು ಚಹಾ ಕುಡಿದು ಬರುವಷ್ಟರಲ್ಲಿ ಮುಗಿದಿದ್ದರೆ ಪುಣ್ಯ. ನಡುವೆ ಕರೆಂಟು ಹೋದರೆ ಮತ್ತೆ ಮೊದಲಿನಿಂದ. ಗೇಟಿನಲ್ಲಿ ನಿಂತರೆ ಹೇಗೆ ಕಾಣುತ್ತದೆ, ಎರಡು ಹೆಜ್ಜೆ ಒಳಗಿಟ್ಟರೆ ಹೇಗೆ, ಹಾಲಿನಿಂದ ಅಡುಗೆಮನೆಗೆ ತಿರುಗಿದರೆ ಹೇಗೆ, ಎಂದು ಒಂದೊಂದೇ ಚಿತ್ರ ಮಾಡಿ ಉಳಿಸಿಟ್ಟಳು. ಅವನ್ನು ಒಂದರ ಹಿಂದೊಂದು ಓಡಿಸಿದರೆ, ಕುಂಟುತ್ತ ಕುಂಟುತ್ತ ಯಾರೋ ಮನೆಯೊಳಗೆ ನಡೆದುಹೋದಂತೆ ಇರುತ್ತಿತ್ತು.

ಮನೆಗೆ ಬರುವುದು ತಡವಾಗತೊಡಗಿತು. ಹೆಬ್ಬಾಳದಲ್ಲಿ ಬಸ್ಸು ಸಿಗದಿದ್ದರೆ ಇನ್ನೂ ತಡ.

"ಕಂಪ್ಯೂಟರ್ ಬಂದ್ರೆ ಕೆಲಸ ಬೇಗ ಆಗುತ್ತೆ ಅಂತಾರಪ್ಪ ಪೇಪರಿನಲ್ಲಿ. ನಮ್ಮನೇಲಿ ತಿರುಗಾಮುರುಗ" ಎಂದರು ವೇದವತಿ, ಸೊಸೆ ಕಾಲು ತೊಳೆಯುತ್ತಿದ್ದಾಗ.

"ನಮ್ಮ ಮನೇನೇ ಮಾಡ್ತಿದೀನಿ ಅತ್ತೆ."

"ಮನೆ ಮಾಡೋಕೆ ಹೋಗಿ ಮನೆ ಮರೀಬೇಡ. ಅತ್ತಿಗೆ ಒಬ್ಬರೇ ಎಷ್ಟೂಂತ ಮಾಡ್ತಾರೆ?"

"ನನ್ನನ್ನ ಯಾಕೆ ನಡುವೆ ಎಳೀತೀಯ ವೇದಾ" ಎಂದು ಪುಟ್ಟಲಕ್ಷ್ಮಿ ಅಡುಗೆಮನೆಯಿಂದಲೇ ಹೇಳಿದರು. "ಕೌಸಲ್ಯಾ, ಚಪಾತಿ ಮುಚ್ಚಿಟ್ಟಿದೀನಿ. ಪಲ್ಯ ಬಿಸಿ ಮಾಡ್ಕೊ."

ಮೆಟ್ಟಿಲ ಕೆಳಗಿನ ರೂಮನ್ನು ಕೌಸಲ್ಯಾ ಕೊನೆಗೆ ಎಬ್ಬಿಸಿದಳು. ಒಂದು ಮಂಚ ಇಟ್ಟಳು. ಮಂಚದ ಮೇಲೆ ಎದ್ದು ಕೂತವರ ಕಣ್ಣಿಗೆ ಹೇಗೆ ಕಾಣುತ್ತದೆಂದು ಕೇಳಿದಳು. ಯಂತ್ರ ಬಹಳ ಹೊತ್ತು ತೆಗೆದುಕೊಳ್ಳಲಿಲ್ಲ, ಏಕೆಂದರೆ ಅಲ್ಲಿ ಕಾಣುವುದೇ ಕಡಿಮೆಯಿತ್ತು. ಮೆಟ್ಟಿಲಿನ ಇಳಿಜಾರು ಬಾಗಿಲ ಹತ್ತಿರ ಎತ್ತರದಿಂದ ಹೊರಟು, ಮಂಚದ ತಲೆದೆಸೆಯಲ್ಲಿ ದಿಂಬಿನ ಮೇಲೆಯೇ ಬಂದು ಇಳಿದಿತ್ತು. ಕಿಟಕಿಯಿರಲಿಲ್ಲ. ಆ ಗೋಡೆಯ ಆಚೆ ಬಾಡಿಗೆಯವರ ಬಚ್ಚಲು.

ಅಳತೆಗಳೆಲ್ಲ ಅವಳೇ ಹಾಕಿದ್ದು. ಆದರೂ ಅವಳು ಆ ಚಿತ್ರವನ್ನು ಸರಣಿಯಿಂದ ತೆಗೆದು ಬೇರೆ ಇಟ್ಟಳು.

ಬದರೀನಾಥರು ಎಲ್ಲವನ್ನೂ ನೋಡಿ ಖುಷಿಪಟ್ಟರು. "ಇದೊಂದು ರೂಮು ಬಿಟ್ಟುಹೋಗಿದೆಯಲ್ಲ?"

"ಅದು ಸ್ಟೋರ್ ಸಾರ್."

ಅವರು ತಾವೇ ಗುಂಡಿ ಒತ್ತಿ ನೋಡಿದರು. "ಸ್ಟೋರಿಗೆ ಮಂಚ ಯಾಕಿಟ್ಟಿದೀರಿ?"

ಕೌಸಲ್ಯಾ ಮೇಜಿನ ಮೇಲಿನ ಕಾಗದಗಳನ್ನು ಜೋಡಿಸತೊಡಗಿದಳು. ಅವರು, "ಭಾನುವಾರ ನಿಮ್ಮ ಮನೆಯವರನ್ನೆಲ್ಲ ಕರ್ಕೊಂಡು ಬನ್ನಿ. ಅವರೇ ನಮ್ಮ ಮೊದಲನೇ ಕ್ಲೈಂಟುಗಳು" ಎಂದಷ್ಟೇ ಹೇಳಿ ಹೋದರು. ಮಾರನೆಯ ದಿನ ಅವಳು ಆ ಚಿತ್ರವನ್ನು ಸರಣಿಗೆ ಮತ್ತೆ ಸೇರಿಸಿದಳು.

ಭಾನುವಾರ ತಿಂಡಿಯಾದ ಮೇಲೆ ಶೇಷಗಿರಿಯವರು ಇಸ್ತ್ರಿ ಮಾಡಿದ ಪಂಚೆ ಉಟ್ಟು ಹೊರಟರು. "ಅಕ್ಕ ಮಗು ನೋಡ್ಕೊಂಡು ಮನೇಲಿರಲಿ" ಎಂದರು.

"ಪುಟ್ಟತ್ತೆನೂ ಬರಲಿ ಮಾವ. ನಳಿನೀನ ನಾನು ಎತ್ಕೋತೀನಿ" ಎಂದಳು ಕೌಸಲ್ಯಾ.

ಚಪ್ಪಲಿ ಬಿಟ್ಟು, ಏಸಿಯ ಚಳಿಗೆ ಸೆರಗು ಹೊದ್ದುಕೊಂಡು ಎಲ್ಲರೂ ತೆರೆಯ ಮುಂದೆ ಕೂತರು. ಗೇಟು ಬಂತು. ಮುಂದಿನ ಸಜ್ಜೆ, ಕಂಬ ಬಂತು. ಶೇಷಗಿರಿಯವರು, "ಅರೆ, ನಮ್ಮನೇನಾ ಇದು" ಎಂದರು. ಅಡುಗೆಮನೆ ಬಂದಾಗ ವೇದವತಿ ಕುರ್ಚಿ ಮುಂದಕ್ಕೆಳೆದುಕೊಂಡರು.

"ಕಿಟಕಿ ಒಲೆ ಮೇಲೇ ಬಂದಿದೆ. ಹೊಗೆ ಹೊರಗೆ ಹೋಗುತ್ತಲ್ವೇನೇ?"

"ಹೋಗುತ್ತೆ ಅತ್ತೆ."

ಜಯಸಿಂಹ ತನ್ನ ಸ್ಕೂಟರಿನ ಜಾಗ ನೋಡಿ ಬದರೀನಾಥರಿಗೆ ಏನೋ ಕೇಳಿದ. ಆಮೇಲೆ ತೆರೆ ಒಮ್ಮೆ ಕಪ್ಪಾಗಿ, ಓರೆ ಗೆರೆಗಳ ಒಂದು ಚಿತ್ರ ಮೂಡಿತು.

"ಇದೇನಿದು, ಗೋಡೆ ಬಿದ್ದಂಗಿದೆ" ಎಂದರು ವೇದವತಿ.

"ಇದು ಪುಟ್ಟತ್ತೆ ರೂಮು" ಎಂದಳು ಕೌಸಲ್ಯಾ.

ಪುಟ್ಟಲಕ್ಷ್ಮಿ ಕನ್ನಡಕ ತೆಗೆದು, ಸೆರಗಿನಲ್ಲಿ ಒರೆಸಿ, ಮತ್ತೆ ಹಾಕಿಕೊಂಡರು.

"ಆ ಓರೆಯಾಗಿ ಬಂದಿರೋದು ಏನಮ್ಮ?"

"ಮೆಟ್ಟಿಲು ಪುಟ್ಟತ್ತೆ. ಮೇಲಿಂದ ಇಳಿಯುತ್ತಲ್ಲ, ಅದರ ಅಡಿ."

"ಮಂಚದ ಮೇಲೆ ಎದ್ದು ಕೂತ್ರೆ?"

"ತಲೆ ತಗಲುತ್ತೆ."

"ಕಾಲ ಕಡೆ ತಲೆ ಹಾಕಿದ್ರೆ?"

"ಕೂರಬಹುದು. ಆದರೆ ಬಾಗಿಲು ತೆಗೆದ್ರೆ ತಲೆಗೆ ಬಡಿಯುತ್ತೆ."

ಪುಟ್ಟಲಕ್ಷ್ಮಿ ಹೂಂ ಎಂದರು.

"ಕಂಪ್ಯೂಟರಿನಲ್ಲಿ ಹಾಗೆ ಕಾಣುತ್ತೆ ಅಷ್ಟೇ" ಎಂದರು ಶೇಷಗಿರಿಯವರು. "ಪ್ಲಾನಿನಲ್ಲಿ ಸರಿಯಾಗಿಯೇ ಇದೆ. ಅಲ್ವೇ ಇಂಜಿನಿಯರೇ?"

ಬದರೀನಾಥರು, ಕಾಫಿ ತರಿಸುತ್ತೇನೆಂದು ಎದ್ದು ಹೊರಗೆ ಹೋದರು.

ಜಗಳ ಆದದ್ದು ಸಂಜೆ, ಊಟಕ್ಕೆ ಕೂತಾಗ.

"ಹೊರಗಿನವರ ಎದುರಿಗೆ ನನ್ನ ಮಾನ ಕಳೆದೆಯಲ್ಲಮ್ಮ. ಹೇಳೋದಿದ್ರೆ ಮನೇಲಿ ಹೇಳಬಹುದಿತ್ತು" ಎಂದರು ಶೇಷಗಿರಿಯವರು.

"ಮನೇಲಿ ಹೇಳಿದ್ದೆ ಮಾವ. ಎತ್ತರ ಸಾಲಲ್ಲ ಅಂದಿದ್ದೆ. ಮಲಗೋಕೆ ಎಷ್ಟು ಎತ್ತರ ಬೇಕು ಅಂದ್ರಿ."

"ಒಂದು ಸಲ ಹೇಳಿ ಸುಮ್ಮನಾದೆ. ನಿನ್ನ ಬೋರ್ಡಿನ ರೂಮು ಉಳೀತಲ್ಲ, ಅದಕ್ಕೆ."

ಕೌಸಲ್ಯಾ ಎತ್ತಿದ ತುತ್ತನ್ನು ತಟ್ಟೆಗೇ ಇಳಿಸಿದಳು. ಆ ಮಾತು ಸುಳ್ಳಾಗಿರಲಿಲ್ಲ.

"ಅಪ್ಪ, ಊಟ ಮಾಡುವಾಗ ಯಾಕೆ" ಎಂದ ಜಯಸಿಂಹ.

"ನೀನು ಸುಮ್ನಿರೋ. ಸ್ಕೂಟರಿಗೆ ಕೊಟ್ಟಷ್ಟು ಜಾಗ ಅಕ್ಕನಿಗೆ ಕೊಟ್ಟಿಲ್ಲ ಅಂತ ನಾಳೆ ಜನ ಆಡ್ಕೋತಾರೆ."

ಪುಟ್ಟಲಕ್ಷ್ಮಿ ಎಲ್ಲರ ತಟ್ಟೆಗೂ ಮಜ್ಜಿಗೆ ಬಡಿಸಿದರು. ಬಡಿಸಿ, ಪಾತ್ರೆಯನ್ನು ಕೆಳಗಿಟ್ಟರು.

"ಗಿರಿ, ನಾನು ಹೊಸ ಮನೆಗೆ ಬರಲ್ಲ."

"ಏನಕ್ಕ ಹಾಗಂದ್ರೆ?"

"ಪಕ್ಕದ ರತ್ನಕ್ಕನ ಹಿತ್ತಿಲ ರೂಮು ಖಾಲಿ ಇದೆ. ಅವಳಿಗೂ ಕೈಲಾಗಲ್ಲ. ಎರಡು ಹೊತ್ತು ಅವಳಿಗೆ ಅಡುಗೆ ಮಾಡಿಕೊಟ್ರೆ ಇರೋಕೆ ಬಿಡ್ತಾಳೆ. ಕೇಳಿದೀನಿ."

"ಯಾವಾಗ ಕೇಳಿದೆ?"

"ಈಗ, ಹಾಲು ತರೋಕೆ ಹೋದಾಗ."

ತಮಾಷೆಗೆ ಹೇಳುತ್ತಿರಬೇಕೆಂದು ಎಲ್ಲರೂ ಅಂದುಕೊಂಡರು. ಬುಧವಾರ ಬೆಳಿಗ್ಗೆ, ತಿಂಡಿ ಪಾತ್ರೆ ತೊಳೆದಿಟ್ಟು, ಅವರು ತಮ್ಮ ಟ್ರಂಕನ್ನು ತಾವೇ ಎತ್ತಿಕೊಂಡು ರತ್ನಕ್ಕನ ಮನೆಗೆ ಹೋದರು.

ಆಮೇಲಿನ ದಿನಗಳಲ್ಲಿ ಮನೆ ಹದ ತಪ್ಪಿತು. ವೇದವತಿ ಒಲೆಯ ಮುಂದೆ ಎರಡು ದಿನ ನಿಂತು ಮೂರನೆಯ ದಿನ ಉಸಿರು ಹಿಡಿದು ಮಲಗಿದರು. ಜಯಸಿಂಹ ಅನ್ನಕ್ಕಿಟ್ಟರೆ ಗಂಜಿಯಾಗುತ್ತಿತ್ತು, ಇಲ್ಲವೆ ಸೀಯುತ್ತಿತ್ತು. ಶೇಷಗಿರಿಯವರು ಮೊಮ್ಮಗಳನ್ನು ನೋಡಿಕೊಳ್ಳುತ್ತೇನೆಂದು ಹೇಳಿ, ಪೇಪರು ಹಿಡಿದು ಕೂತರೆ ಅವಳು ರತ್ನಕ್ಕನ ಹಿತ್ತಿಲಿಗೆ ಓಡಿಹೋಗುತ್ತಿದ್ದಳು. ಅಲ್ಲಿ ಪುಟ್ಟಜ್ಜಿಯ ಕೈಯಲ್ಲಿ ಉಂಡು, ಅಲ್ಲೇ ಮಲಗುತ್ತಿದ್ದಳು. ಸಂಜೆ ಕೌಸಲ್ಯಾ ಹೋಗಿ ಎತ್ತಿಕೊಂಡು ಬರಬೇಕು.

"ಒಂದು ವರ್ಷ ಕೆಲಸ ಬಿಟ್ಟುಬಿಡು" ಎಂದ ಜಯಸಿಂಹ, ಬಟ್ಟೆ ಹಿಂಡುತ್ತಿದ್ದ ಹೆಂಡತಿಗೆ. "ಮನೆ ಮುಗಿಯಲಿ. ನಳಿನಿ ಸ್ಕೂಲಿಗೆ ಸೇರಲಿ."

"ಬಿಟ್ರೆ ಆ ಮಷೀನು ನನಗೋಸ್ಕರ ಕಾಯ್ತಾ ಕೂತಿರುತ್ತಾ ರೀ? ಬೇರೆ ಯಾರಾದ್ರೂ ಕಲೀತಾರೆ."

"ಮತ್ತೆ ಏನ್ ಮಾಡೋಣ ಹೇಳು."

ಮಾರನೆಯ ದಿನ ಕೌಸಲ್ಯಾ ಆಫೀಸಿನಲ್ಲಿ ಹದಿನೈದು ದಿನ ರಜೆಗೆ ಅರ್ಜಿ ಬರೆದುಕೊಟ್ಟಳು.

ರಜೆಯಲ್ಲಿ ಒಂದು ಮಧ್ಯಾಹ್ನ ಮಗಳನ್ನು ಕರೆತರಲು ಹೋದವಳು ರತ್ನಕ್ಕನ ಹಿತ್ತಿಲ ರೂಮಿನಲ್ಲಿ ಕೂತಳು. ಹೆಂಚಿನ ರೂಮು. ಗೋಡೆಗೆ ಸುಣ್ಣ ಕಂಡು ಎಷ್ಟೋ ವರ್ಷವಾಗಿತ್ತು. ಪುಟ್ಟಲಕ್ಷ್ಮಿ ಕಿಟಕಿಯ ಪಕ್ಕ ಕೂತು ಹುರುಳಿಕಾಯಿ ಸೋಸುತ್ತಿದ್ದರು.

"ಪುಟ್ಟತ್ತೆ, ಆ ರೂಮು ನಾನೇ ಬರೆದಿದ್ದು."

"ಗೊತ್ತು. ನಮ್ಮನೇಲಿ ಗೆರೆ ಎಳೆಯೋಳು ಇನ್ಯಾರಿದಾರೆ?"

"ನಿಮಗೆ ಹೇಳಬೇಕಿತ್ತು."

"ಹೇಳಿದ್ರೆ ನಾನು ಪರವಾಗಿಲ್ಲ ಅಂತಿದ್ದೆ. ಜನ್ಮವೆಲ್ಲ ಅದನ್ನೇ ಹೇಳಿದೀನಿ." ಅವರು ನಾರು ತೆಗೆದು ಪಕ್ಕಕ್ಕಿಟ್ಟರು. "ಅವತ್ತು ಆ ತೆರೆ ಮೇಲೆ ನೋಡಿದೆನಲ್ಲ, ಆ ಮಾತು ಬಾಯಿಗೆ ಬರಲಿಲ್ಲ."

"ವಾಪಸ್ ಬನ್ನಿ ಪುಟ್ಟತ್ತೆ. ನನ್ನ ಕೆಲಸ ಹೋಗೋ ಹಾಗಾಗಿದೆ."

"ಅದಕ್ಕೆ ಬರಲಾ? ನಿನ್ನ ಕೆಲಸ ಉಳಿಸೋಕೆ?" ಪುಟ್ಟಲಕ್ಷ್ಮಿಯವರ ದನಿಯಲ್ಲಿ ಸಿಟ್ಟಿರಲಿಲ್ಲ. "ಮಗೂನ ನೋಡ್ಕೋತೀನಿ. ಹಗಲು ಇಲ್ಲಿ ಬಿಟ್ಟು ಹೋಗು. ರಜೆ ಹಾಕಿ ಕೂರಬೇಡ. ಆದರೆ ಮನೆಗೆ ಬರೋ ಮಾತು ನೀನು ಆಡಬೇಡ ಕೌಸಲ್ಯಾ. ಅದನ್ನ ಆಡಬೇಕಾದೋನು ಬೇರೆ ಇದಾನೆ."

ಕೌಸಲ್ಯಾ ರಜೆ ಮುರಿದು ಆಫೀಸಿಗೆ ಹೋದಳು. ಅಡುಗೆಯನ್ನು ಬೆಳಗಿನ ಜಾವ ಎದ್ದು ತಾನೇ ಮಾಡಿಡತೊಡಗಿದಳು. ಮಾವ ಅವಳೊಡನೆ ಮಾತು ಬಿಟ್ಟಿದ್ದರು. ಉಪ್ಪು ಬೇಕಿದ್ದರೆ ಮಗನನ್ನು ಕೇಳುವರು.

ಒಂದು ಶುಕ್ರವಾರ ಮಧ್ಯಾಹ್ನ ವೆಂಕಟೇಶಪ್ಪ ಬಾಗಿಲಲ್ಲಿ ಇಣುಕಿ, "ನಿಮ್ಮ ಮಾವ ಬಂದಿದಾರಮ್ಮ" ಎಂದರು. ಶೇಷಗಿರಿಯವರು ಚಪ್ಪಲಿ ಬಿಟ್ಟು, ಕೊಡೆಯನ್ನು ಗೋಡೆಗೊರಗಿಸಿ ಒಳಗೆ ಬಂದರು. ಕೊಟ್ಟ ಕುರ್ಚಿಯಲ್ಲಿ ಕೂತರು.

"ನಿನ್ನೆ ಅಕ್ಕನ ಹತ್ರ ಹೋಗಿದ್ದೆ. ಕಾಫಿ ಕೊಟ್ಟಳು. ಮನೆಗೆ ಬಾ ಅಂತ ಕರೆದೆ" ಎಂದರು.

"ಏನಂದ್ರು ಮಾವ?"

"ಎಲ್ಲಿಗೆ ಅಂತ ಕೇಳಿದಳು." ಅವರು ತೆರೆಯ ಕಡೆ ನೋಡಿದರು. "ಆ ರೂಮು ಇನ್ನೊಂದ್ಸಲ ತೋರಿಸು."

ಕೌಸಲ್ಯಾ ತೋರಿಸಿದಳು. ಅವರು ಬಾಗಿ, ಇಳಿಜಾರು ಗೆರೆಯ ಮೇಲೆ ಬೆರಳಿಟ್ಟು ದಿಂಬಿನವರೆಗೂ ತಂದರು.

"ಮೆಟ್ಟಿಲನ್ನ ಮನೆಯ ಹೊರಗಡೆ ಹಾಕಿದ್ರೆ?"

"ಹಾಕಬಹುದು. ಆಗ ಇಲ್ಲಿ ಪೂರ್ತಿ ಎತ್ತರ ಸಿಗುತ್ತೆ. ಬಚ್ಚಲನ್ನ ಆಚೆ ಸರಿಸಿದ್ರೆ ಪೂರ್ವಕ್ಕೆ ಕಿಟಕಿನೂ ಬರುತ್ತೆ." ಅವಳು ತೆರೆಯ ಮೇಲೆ ಮಹಡಿಯನ್ನು ತಂದಳು. "ಆದರೆ ಮೆಟ್ಟಿಲು ಮೇಲೆ ಹೋಗಿ ಸೇರೋ ಜಾಗದಲ್ಲಿ ಒಂದು ರೂಮಿದೆ."

"ಯಾವ ರೂಮು?"

"ಬೋರ್ಡಿಂದು."

ಅಂದು ಊಟದ ಹೊತ್ತಿಗೆ ಶೇಷಗಿರಿಯವರು ಆ ರೂಮಿನ ಬಗ್ಗೆ ಆಡಿದ್ದ ಮಾತು ಇಬ್ಬರಿಗೂ ನೆನಪಿತ್ತು. "ಬೇರೆ ದಾರಿ ಇಲ್ವಾ?" ಎಂದರು ಮೆಲ್ಲಗೆ.

"ಬಾಡಿಗೆ ಪೋರ್ಷನ್ನು ಬಿಡಬೇಕು."

"ಅದು ಬಿಟ್ರೆ ಸಾಲ ತೀರಿಸೋದು ಹೇಗೆ?" ಅವರು ಪಂಚೆಯ ಅಂಚನ್ನು ಸರಿಮಾಡಿಕೊಂಡರು. "ನೀನೇ ಹೇಳು. ನಾನು ಹೇಳಲ್ಲ."

ಮದುವೆಯಾದಾಗಿನಿಂದ ಕೌಸಲ್ಯಾಳ ಬೋರ್ಡು ಮಂಚದ ಕೆಳಗೆ ಮಲಗಿತ್ತು. ಮಹಡಿಯ ರೂಮಿಗೆ ಉತ್ತರದ ಬೆಳಕು ಬರಲೆಂದು ಅವಳು ಎರಡು ಸಲ ಕಿಟಕಿ ತಿದ್ದಿದ್ದಳು. ಈಗ ಅದರ ನಾಲ್ಕು ಗೋಡೆಗಳನ್ನು ಒಂದೊಂದಾಗಿ ಆರಿಸಿ ಅಳಿಸಿದಳು. ಕಿಟಕಿಗಳನ್ನು ಬೇರೆಯಾಗಿ ಅಳಿಸಬೇಕಿತ್ತು. ಗೋಡೆ ಹೋದ ಮೇಲೂ ಅವು ಗಾಳಿಯಲ್ಲಿ ನಿಂತಿದ್ದವು. ಅವನ್ನೂ ತೆಗೆದಳು. ಮೆಟ್ಟಿಲನ್ನು ಎತ್ತಿ ಹೊರಗಿಟ್ಟಳು. ಯಂತ್ರ ಗೆರೆಗಳನ್ನೆಲ್ಲ ಮತ್ತೆ ಎಳೆಯತೊಡಗಿತು.

ಮಾವ ಸೊಸೆ ಇಬ್ಬರೂ ಕಾದರು.

"ಇಷ್ಟು ನಿಧಾನನಾ ಇದು?" ಎಂದರು ಶೇಷಗಿರಿಯವರು.

"ಇವತ್ತು ಬೇಗನೇ ಮಾವ."

ಗೋಡೆಗಳು ಎದ್ದವು. ನೆಟ್ಟಗಿನ ನಾಲ್ಕು ಗೋಡೆ, ಒಂದು ಮಂಚ, ಒಂದು ಕಿಟಕಿ. ಅವರು ಬಹಳ ಹೊತ್ತು ನೋಡಿ, "ಸರಿ, ಇದನ್ನೇ ಕೊಡು ಮೇಸ್ತ್ರಿಗೆ" ಎಂದು ಎದ್ದರು. ಬಾಗಿಲವರೆಗೆ ಹೋದವರು ತಿರುಗಿ, "ಊಟ ಆಯ್ತೇನಮ್ಮ?" ಎಂದು ಕೇಳಿದರು.

ಪ್ಲಾನು ಮತ್ತೆ ಮಂಜೂರಾಗಿ ಬರುವ ಹೊತ್ತಿಗೆ ಮಳೆಗಾಲ ಮುಗಿದಿತ್ತು. ಶೇಷಗಿರಿಯವರು ಅಕ್ಕನಿಗೆ ಸುದ್ದಿ ಹೇಳಿದರೆ ಅವರು, "ಗೆರೆ ನೋಡಿ ಸಾಕಾಗಿದೆ. ಗೋಡೆ ಏಳಲಿ, ಆಮೇಲೆ ಹೇಳ್ತೀನಿ" ಎಂದುಬಿಟ್ಟರು. ರತ್ನಕ್ಕನ ಮನೆಯಲ್ಲೇ ಉಳಿದರು. ಹಗಲು ನಳಿನಿ ಅಲ್ಲಿ. ಹಬ್ಬದ ದಿನ ಮಾತ್ರ ಬಂದು ಒಬ್ಬಟ್ಟು ತಟ್ಟಿಕೊಟ್ಟು, ಉಂಡು, ವಾಪಸು ಹೋದರು. ವೇದವತಿ ಈಗ ಬೆಳಗಿನ ಕಾಫಿ ಮಾಡುವುದನ್ನು ತಮ್ಮದಾಗಿಸಿಕೊಂಡಿದ್ದರು. ಜಯಸಿಂಹನ ಅನ್ನ ತಿನ್ನುವ ಹಾಗಾಗಿತ್ತು.

ಗೋಡೆ ಕಿಟಕಿಯ ಮಟ್ಟಕ್ಕೆ ಬಂದಾಗ ಕೌಸಲ್ಯಾ ಪುಟ್ಟಲಕ್ಷ್ಮಿಯವರನ್ನು ಬಸ್ಸಿನಲ್ಲಿ ಕರೆದುಕೊಂಡು ಅಲ್ಲಾಳಸಂದ್ರಕ್ಕೆ ಹೋದಳು. ಶೇಷಗಿರಿಯವರು ಮೊದಲೇ ಬಂದು ಇಟ್ಟಿಗೆ ರಾಶಿಯ ಹತ್ತಿರ ನಿಂತಿದ್ದರು. ಮೇಸ್ತ್ರಿ ಲಾಲ್ ಸಾಬ್ ಹಲಗೆ ಹಾಕಿ ದಾರಿ ಮಾಡಿಕೊಟ್ಟ.

ಪುಟ್ಟಲಕ್ಷ್ಮಿ ರೂಮಿನೊಳಗೆ ಹೋಗಿ ನಡುವೆ ನಿಂತರು. ಒಂದು ಗೋಡೆಯಿಂದ ಇನ್ನೊಂದು ಗೋಡೆಗೆ ನಡೆದರು. ಸಿಮೆಂಟಿನ ಖಾಲಿ ಚೀಲಗಳ ರಾಶಿಯ ಮೇಲೆ, ಮಂಚ ಬರುವ ಜಾಗದಲ್ಲಿ, ಸೀರೆ ಮುದುರಿಕೊಂಡು ಕೂತು ಕಿಟಕಿ ಬರುವ ಕಡೆ ನೋಡಿದರು.

"ಕೂತ್ರೆ ರಸ್ತೆ ಕಾಣಲ್ಲ" ಎಂದರು.

"ಪ್ಲಾನಲ್ಲಿ ಇಷ್ಟೇ ಐತಮ್ಮ" ಎಂದ ಲಾಲ್ ಸಾಬ್.

"ಪ್ಲಾನ್ ಬರೆದೋಳು ಇಲ್ಲೇ ಇದಾಳೆ. ಅವಳನ್ನ ಕೇಳಪ್ಪ."

ಕೌಸಲ್ಯಾ ಅವರ ಪಕ್ಕ ಕೂತು ತಾನೂ ನೋಡಿದಳು. ಬರೀ ಇಟ್ಟಿಗೆ ಕಾಣುತ್ತಿತ್ತು, ಅದರ ಮೇಲೆ ಆಕಾಶ. "ಎರಡು ವರಸೆ ಇಳಿಸಿ ಸಾಬ್" ಎಂದಳು.

ಲಾಲ್ ಸಾಬ್ ಯಜಮಾನರ ಮುಖ ನೋಡಿದ. ಶೇಷಗಿರಿಯವರು ತಲೆಯಾಡಿಸಿದರು. ಅವನು ಕರಣೆಯ ಹಿಡಿಯಿಂದ ತಟ್ಟಿ ಇಟ್ಟಿಗೆ ಬಿಡಿಸತೊಡಗಿದ. ಗಾರೆ ಇನ್ನೂ ಹಸಿಯಾಗಿತ್ತು. ಇಟ್ಟಿಗೆಗಳು ಸಲೀಸಾಗಿ ಬಂದವು. ಮೊದಲು ಹುಣಸೆಮರದ ತುದಿ ಕಂಡಿತು, ಆಮೇಲೆ ಹಾಲಿನವನ ಸೈಕಲ್ಲು, ಆಮೇಲೆ ರಸ್ತೆ.

"ಇನ್ನೇನಾದ್ರೂ ಇದೆಯೇನಕ್ಕ?" ಎಂದು ಕೇಳಿದರು ಶೇಷಗಿರಿಯವರು.

ಪುಟ್ಟಲಕ್ಷ್ಮಿ ಬಾಗಿಲು ಬರುವ ಜಾಗವನ್ನು ನೋಡಿದರು.

"ಇದೆ. ಚಿಲಕ ಒಳಗಡೆಯಿಂದ ಹಾಕ್ಸು."